ಛಾಯಾಚಿತ್ರದಿಂದ ಪ್ರಭೇದ ನಿರ್ಣಯ: ದರೋಡೆ ನೊಣಗಳ ವಿಚಾರ

ಕೀಟವನ್ನು ಹಿಡಿದು, ಸೂಜಿಗೆ ಚುಚ್ಚಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಹೆಸರಿಸುವ ಪದ್ಧತಿಯ ಜೊತೆಗೆ, ಜೀವಂತ ಕೀಟದ ಛಾಯಾಚಿತ್ರವನ್ನು ನೋಡಿಯೇ ಹೆಸರಿಸುವ ಪದ್ಧತಿಯೂ ಇಂದು ಬಳಕೆಗೆ ಬಂದಿದೆ. ಇದರಿಂದ ಉಪಕಾರವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಒಣಗಿದ ಮಾದರಿಯಲ್ಲಿ ಅಳಿದುಹೋಗುವ ಕಣ್ಣಿನ ಬಣ್ಣ, ಕುಳಿತ ಭಂಗಿ, ಹಿಡಿದ ಬೇಟೆ ಇವೆಲ್ಲ ಚಿತ್ರದಲ್ಲಿ ಉಳಿಯುತ್ತವೆ. ಆದರೆ ಈ ಪದ್ಧತಿಯ ಮಿತಿಯೆಲ್ಲಿ ಎಂಬುದನ್ನು ವಿಚಾರಿಸದೆ ಅಂಗೀಕರಿಸುವುದು ಶಾಸ್ತ್ರಕ್ಕೆ ಒಪ್ಪತಕ್ಕದ್ದಲ್ಲ. ದರೋಡೆ ನೊಣಗಳು ಇದಕ್ಕೆ ತಕ್ಕ ನಿದರ್ಶನ.

ಅಸಿಲಿಡೀ ಕುಟುಂಬದ ಈ ನೊಣಗಳಲ್ಲಿ ೭,೦೦೦ಕ್ಕೂ ಹೆಚ್ಚು ಪ್ರಭೇದಗಳು ವರ್ಣಿತವಾಗಿವೆ. ಕಣ್ಣುಗಳ ನಡುವೆ ತಗ್ಗಾದ ನೆತ್ತಿ, ಮುಖದ ಬಿರುಗೂದಲಿನ ಗಡ್ಡ ಇವುಗಳಿಂದ ಕುಟುಂಬವನ್ನು ಚಿತ್ರದಲ್ಲಿಯೇ ಗುರುತಿಸಬಹುದು. ರೆಕ್ಕೆಯ ನರಗಳು ಸ್ಪಷ್ಟವಾಗಿದ್ದರೆ ಎಷ್ಟೋ ಸಲ ಜಾತಿಯನ್ನೂ ಹೇಳಬಹುದು. ತೊಡಕು ಹುಟ್ಟುವುದು ಪ್ರಭೇದದ ಮಟ್ಟದಲ್ಲಿ.

ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರೊಮಾಕಸ್ ಜಾತಿಯಲ್ಲಿ ಒಂದನ್ನೊಂದು ಬಹಳ ಹೋಲುವ, ಪಟ್ಟೆಯುದರದ ಮೂರು ದೊಡ್ಡ ಪ್ರಭೇದಗಳಿವೆ: ಫ್ಯಾಬ್ರೀಷಿಯಸ್ ೧೭೭೫ರಲ್ಲಿ ಹೆಸರಿಸಿದ ರೂಫಿಪೀಸ್, ಸೇ ೧೮೨೩ರಲ್ಲಿ ಹೆಸರಿಸಿದ ವರ್ಟಿಬ್ರೇಟಸ್, ಬ್ರಾಮ್ಲಿ ೧೯೩೧ರಲ್ಲಿ ಹೆಸರಿಸಿದ ಹೈನಿಐ. ಚಿತ್ರ ನೋಡುವವರು ಇವನ್ನು ಕಾಲಿನ ಬಣ್ಣದಿಂದ ಬೇರ್ಪಡಿಸುತ್ತಾರೆ. ರೂಫಿಪೀಸ್‌ನ ತೊಡೆ ಕಪ್ಪು, ಜಂಘೆ ಕೆಂಪು. ಹೈನಿಐಯ ತೊಡೆಯಲ್ಲಿ ಕಪ್ಪೂ ಕೆಂಗಂದೂ ಎರಡೂ ಉಂಟು. ವರ್ಟಿಬ್ರೇಟಸ್‌ನ ಕಾಲು ಹಳದಿಗಂದು. ಲಕ್ಷಣ ಹೊರಮೈಯಲ್ಲಿದೆ, ಆದಕಾರಣ ಚಿತ್ರಕ್ಕೆ ನಿಲುಕುತ್ತದೆ. ಆದರೂ ನೆರಳಿನಲ್ಲಿ ಕೆಂಗಂದು ಕಪ್ಪಾಗಿ ತೋರಬಹುದು; ಒಂದೇ ಪಾರ್ಶ್ವದಿಂದ ತೆಗೆದ ಚಿತ್ರದಲ್ಲಿ ಎರಡು ಬಣ್ಣದ ತೊಡೆ ಒಂದೇ ಬಣ್ಣದ್ದೆನಿಸಬಹುದು.

ಇಂಥ ಸಂದೇಹ ಬಂದೆಡೆ ಊರಿನ ಹೆಸರಿನ ಆಸರೆ ಪಡೆಯುವುದು ವಾಡಿಕೆ. ರೂಫಿಪೀಸ್ ಮುಖ್ಯವಾಗಿ ಆಗ್ನೇಯ ಭಾಗದ್ದು, ಹೈನಿಐ ದೇಶದ ಮಧ್ಯಭಾಗದ್ದು. ಆದ್ದರಿಂದ ಇದು ಹೈನಿಐಯೇ ಇರಬೇಕೆಂದು ತೀರ್ಮಾನಿಸುತ್ತಾರೆ. ಬಳಿಕ ಅದೇ ತೀರ್ಮಾನ ಆ ಪ್ರಭೇದದ ವ್ಯಾಪ್ತಿಯ ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಸೇರುತ್ತದೆ. ನೆಲೆಯಿಂದ ಹೆಸರು, ಹೆಸರಿನಿಂದ ನೆಲೆ: ನಮ್ಮ ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಕರೆದ ದೋಷವೇ ಇದು. ಒಂದು ಪ್ರಭೇದ ತನ್ನ ಮೇರೆ ದಾಟಿ ಹರಡುತ್ತಿದ್ದರೆ ಅದನ್ನು ತಿಳಿಸಬೇಕಾದ ಸಾಕ್ಷ್ಯವೇ ಹೀಗೆ ಮುಚ್ಚಿಹೋಗುತ್ತದೆ. ಪ್ರಶ್ನೆ ಒಂದು ನೊಣದ ಹೆಸರಿಗಷ್ಟೇ ಸಂಬಂಧಿಸಿದ್ದಲ್ಲ.

ಎಫೇರಿಯ ಜಾತಿಯಲ್ಲಿ ಕಷ್ಟ ಇನ್ನೂ ಹೆಚ್ಚು. ಉತ್ತರ ಅಮೆರಿಕವೊಂದರಲ್ಲೇ ನೂರಕ್ಕೂ ಮೀರಿದ ಪ್ರಭೇದಗಳಿವೆ. ನಿರ್ಣಾಯಕ ಲಕ್ಷಣ ಅನೇಕ ವೇಳೆ ಗಂಡಿನ ಜನನಾಂಗದ ಆಕಾರ. ಮೇಲಿನಿಂದ ತೆಗೆದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನು ತೋರಿಸಲಾರದು. ಇಲ್ಲಿನ ಕೊರತೆ ನೋಡುವವನ ಕಣ್ಣಿನದಲ್ಲ, ಸಾಕ್ಷ್ಯದ್ದು.

ಪ್ರೊಮಾಕಸ್ ಭಾರತದಲ್ಲಿಯೂ ಇರುವ ಜಾತಿಯಾದ್ದರಿಂದ ಈ ವಿಚಾರ ನಮ್ಮ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ, ಉದರದ ತುದಿಯಿಂದ ಚಿತ್ರ ತೆಗೆಯಬೇಕು. ಸ್ಥಳ, ದಿನಾಂಕ, ಲಿಂಗ ಬರೆದಿಡಬೇಕು. ಸಾಧ್ಯವಾದಲ್ಲಿ ಒಂದು ಮಾದರಿಯನ್ನು ಸಂಗ್ರಹದಲ್ಲಿರಿಸಬೇಕು. ಹೆಸರಿನೊಡನೆ ಅದು ಯಾವ ಲಕ್ಷಣದ ಬಲದಿಂದ ಬಂತೆಂಬುದನ್ನೂ ಹೇಳಬೇಕು. ಲಕ್ಷಣ ಕಾಣದಿದ್ದರೆ ಜಾತಿಯ ಹೆಸರಿಗೇ ನಿಲ್ಲುವುದು ಅಜ್ಞಾನದ ಗುರುತಲ್ಲ. ಮುಂದಿನವರು ನಂಬಿ ಬಳಸಬಹುದಾದ ದಾಖಲೆ ಅದೇ.