ದೇವೀ ಚೌಧುರಾಣಿಯ ಶೀಲವಿಕಾಸ

ಭರತಮುನಿಯ ಅಷ್ಟನಾಯಿಕಾವಿಭಾಗವು ಅವಸ್ಥಾಭೇದವನ್ನು ಅವಲಂಬಿಸಿದುದು. ಕಥೆಯೊಡನೆ ಬೆಳೆಯುವ ಶೀಲವನ್ನು ಅಳೆಯಲು ಅದು ಸಾಲದು. ಬಂಕಿಮಚಂದ್ರರ ವಂಗಕಾದಂಬರಿ ‘ದೇವೀ ಚೌಧುರಾಣಿ’ (1884) ಇದಕ್ಕೆ ನಿದರ್ಶನ. ಮಾವನಾದ ಹರವಲ್ಲಭನಿಂದ ಪರಿತ್ಯಕ್ತಳಾದ ಪ್ರಫುಲ್ಲೆಯು ಭವಾನೀಪಾಠಕನಲ್ಲಿ ವ್ಯಾಕರಣ, ಕಾವ್ಯ, ಗೀತೆಗಳನ್ನೂ ಮಲ್ಲವಿದ್ಯೆಯನ್ನೂ ಕಲಿತು ದರೋಡೆಗಾರರ ರಾಣಿಯಾಗುವಳು. ಕೊನೆಗೆ ಅವಳು ಪತಿಗೃಹಕ್ಕೆ ಮರಳಿ ಪಾತ್ರೆ ಬೆಳಗುವುದನ್ನು ಶೀಲದ ಕುಗ್ಗುವಿಕೆಯೆಂದು ಆಕ್ಷೇಪಿಸಬಹುದು. ಆದರೆ ಗುರುವಿನ ಕಠಿಣನಿಯಮಗಳನ್ನೆಲ್ಲ ಪಾಲಿಸಿದವಳು ಏಕಾದಶಿಯಂದು ಮಾತ್ರ ಹಟದಿಂದ ಮೀನು ತಿನ್ನುತ್ತಿದ್ದಳು. ವಂಗದೇಶದಲ್ಲಿ ವಿಧವೆಗೆ ಮತ್ಸ್ಯವು ನಿಷಿದ್ಧವಾಗಿದ್ದಿತು, ಸುಮಂಗಲಿಗೆ ವಿಹಿತವಾಗಿದ್ದಿತು. ಆದುದರಿಂದ ಗೃಹಾಗಮನದ ಬೀಜವು ಶಿಕ್ಷಣಕಾಲದಲ್ಲಿಯೇ ಬಿದ್ದಿದೆ. ವೈರಾಗ್ಯದ ದೃಷ್ಟಿಯಿಂದ ದೋಷವಾದ ಈ ಮಮತೆಯೇ, ತನ್ನನ್ನು ಆಂಗ್ಲರಿಗೆ ಹಿಡಿದುಕೊಡಲು ಬಂದ ಹರವಲ್ಲಭನನ್ನೂ ಅವಳು ಕಾಪಾಡುವಾಗ ಕ್ಷಮಾಗುಣವಾಗಿ ಪರಿಣಮಿಸುತ್ತದೆ. ಇಲ್ಲಿ ಶೀಲವಿಕಾಸವು ಕ್ರಿಯೆಯಿಂದಲೇ ಸಿದ್ಧವಾಗಿದೆ. ಕೊರತೆಯಿರುವುದು ಅನಂತರದ ಭಾಗದಲ್ಲಿ. ಸಂಸಾರವು ಅರಣ್ಯಕ್ಕಿಂತ ಕಠಿಣವಾದ ಸಾಧನರಂಗವೆಂಬುದು ಗ್ರಂಥದ ಸಿದ್ಧಾಂತ. ಹಾಗಿದ್ದೂ ಗ್ರಂಥಕಾರರು ಅರಣ್ಯಚರಿತೆಯನ್ನು ವಿಸ್ತರಿಸಿ, ಗೃಹಚರಿತೆಯನ್ನು ಸಂಗ್ರಹವಾಗಿ ಮುಗಿಸುತ್ತಾರೆ. ಅಲ್ಲಿಯ ವಿಜಯವನ್ನು ಕಾಣಿಸದೆ, ಬರಿದೆ ಹೇಳುತ್ತಾರೆ. ಸಿದ್ಧಾಂತವು ದೊಡ್ಡದಾದಷ್ಟೂ ಅದಕ್ಕೆ ತಕ್ಕ ಸನ್ನಿವೇಶವು ಅವಶ್ಯಕ. ಮನೆಯೊಳಗಿನ ಒಂದು ನಿಜವಾದ ಸಂಕಟವು ಚಿತ್ರಿತವಾಗಿದ್ದರೆ ಪ್ರಫುಲ್ಲೆಯ ಮಹಿಮೆಯು ಪೂರ್ಣವಾಗುತ್ತಿದ್ದಿತು.