ಕಾವಲಿಗೆ ಕೂತ ಕೋಪೈಲಟ್

2013ರ ನವೆಂಬರ್ 30. ಅಮೆರಿಕದ ಟಾರ್ಗೆಟ್ ಮಳಿಗೆಗಳ ಕಂಪ್ಯೂಟರ್ ಜಾಲಕ್ಕೆ ಕಳ್ಳ ತಂತ್ರಾಂಶ ಹೊಕ್ಕಿರುವುದನ್ನು ಮೊದಲು ಗಮನಿಸಿದ್ದು ಬೆಂಗಳೂರಿನಲ್ಲಿದ್ದ ಅದರ ಭದ್ರತಾ ತಂಡ. ಫೈರ್‌ಐ ಕಂಪನಿಯ ಭದ್ರತಾ ಉಪಕರಣ ಅಲರ್ಟ್ ಕೊಟ್ಟಿತು, ಬೆಂಗಳೂರಿನವರು ಮಿನಿಯಾಪೊಲಿಸ್‌ನ ಕೇಂದ್ರ ಕಚೇರಿಗೆ ತಿಳಿಸಿದರು, ಅಲ್ಲಿ ಯಾರೂ ಏಳಲಿಲ್ಲ. ಅಂಥ ತಂತ್ರಾಂಶವನ್ನು ತಾನಾಗಿಯೇ ಅಳಿಸಿಹಾಕುವ ಸೌಲಭ್ಯವೂ ಆ ಉಪಕರಣದಲ್ಲಿತ್ತು. ಅದನ್ನು ಆಫ್ ಮಾಡಿಟ್ಟಿದ್ದರು. ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾದ ಮೇಲೆ, 2014ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ ಇದನ್ನೆಲ್ಲ ಬಯಲಿಗೆಳೆಯಿತು.

ಎಐ ಭದ್ರತಾ ಸಹಾಯಕನನ್ನು ಮಾರುವವರು ಹೇಳುವುದು ಬೇರೆಯೇ ಕಥೆ: ಅಲರ್ಟುಗಳು ಸಾವಿರ, ನೋಡುವವರು ನಾಲ್ವರು. ಟಾರ್ಗೆಟ್‌ನಲ್ಲಿ ನೋಡುವವರು ನೋಡಿಯಾಗಿತ್ತು; ಆಗದೆ ಉಳಿದದ್ದು ತೀರ್ಮಾನ. ಹಾಗಾಗಿ ಮೈಕ್ರೋಸಾಫ್ಟ್ 2023ರ ಮಾರ್ಚ್‌ನಲ್ಲಿ ಘೋಷಿಸಿ, 2024ರ ಏಪ್ರಿಲ್ 1ರಿಂದ ಎಲ್ಲರಿಗೂ ಮಾರತೊಡಗಿದ ಸೆಕ್ಯುರಿಟಿ ಕೋಪೈಲಟ್ ಎಂಬ ಇಂಥದೇ ಸಹಾಯಕನ ಬಗ್ಗೆ ನನ್ನ ಮೊದಲ ಪ್ರಶ್ನೆ ಇದು: ಇದು ನೋಡಲು ನೆರವಾಗುತ್ತದೆಯೋ, ತೀರ್ಮಾನ ಮಾಡಲೋ?

ನೋಡಲು, ಅನುಮಾನವೇ ಇಲ್ಲ. ಒಂದು ಘಟನೆಯಡಿ ಗುಡ್ಡೆ ಬಿದ್ದ ಅಲರ್ಟುಗಳನ್ನು ಓದಿ, ಯಾರ ಖಾತೆಯಿಂದ ಶುರುವಾಯಿತು, ಯಾವ ಸರ್ವರಿಗೆ ಹಬ್ಬಿತು ಎಂದು ಎರಡು ಪ್ಯಾರಾದಲ್ಲಿ ಬರೆದುಕೊಡುತ್ತದೆ. ಗೂಢಾಕ್ಷರದಂತೆ ಕಾಣುವ ಪವರ್‌ಶೆಲ್ ಸ್ಕ್ರಿಪ್ಟನ್ನು ಬಿಡಿಸಿ ಹೇಳುತ್ತದೆ. ಲಾಗ್ ಹುಡುಕುವ ಕೆಕ್ಯೂಎಲ್ ಭಾಷೆ ಬಾರದವರು ಸಾದಾ ಮಾತಿನಲ್ಲಿ ಕೇಳಿ ಕ್ವೆರಿ ಬರೆಸಿಕೊಳ್ಳಬಹುದು. ರಾತ್ರಿ ಪಾಳಿಯಲ್ಲಿ ಒಬ್ಬನೇ ಕೂತ ಮೊದಲ ಹಂತದ (ಎಲ್1) ಅನಲಿಸ್ಟ್ ಹುಡುಗನಿಗೆ ಇದು ದೊಡ್ಡ ಆಸರೆ. ಅನುಭವಿ ಅನಲಿಸ್ಟುಗಳು ಇದರಿಂದ 22% ವೇಗವಾಗಿಯೂ 7% ಹೆಚ್ಚು ನಿಖರವಾಗಿಯೂ ಕೆಲಸ ಮಾಡಿದರೆಂದು ಮೈಕ್ರೋಸಾಫ್ಟ್‌ನ ಅಧ್ಯಯನ ಹೇಳುತ್ತದೆ. ಮಾರುವವರೇ ಮಾಡಿಸಿದ ಅಧ್ಯಯನ ಎಂಬುದನ್ನು ಬದಿಗಿಟ್ಟರೂ ಆ ಎರಡು ಅಂಕಿಗಳ ನಡುವಿನ ಅಂತರ ನನ್ನನ್ನು ಕಾಡುತ್ತದೆ. ಬೇಗ ಮುಗಿಯುತ್ತದೆ, ಸರಿ. ಸರಿಯಾಗಿ ಮುಗಿಯುವುದು ಅಷ್ಟೇನೂ ಹೆಚ್ಚಲಿಲ್ಲ.

ಇದನ್ನು ಸಂಸ್ಥೆಯಲ್ಲಿ ಕೂರಿಸುವ ಕೆಲಸ ಮೇಲುನೋಟಕ್ಕೆ ನಾಲ್ಕು ಕ್ಲಿಕ್ಕಿನದು. ಆ ಕ್ಲಿಕ್ಕುಗಳಲ್ಲೇ ಅಸಲಿ ತೀರ್ಮಾನಗಳು ಅಡಗಿವೆ. ನೀವು ಕೇಳುವ ಪ್ರಶ್ನೆ ಯಾವ ದೇಶದ ಯಂತ್ರದಲ್ಲಿ ಸಂಸ್ಕರಣೆಯಾಗಬೇಕು? ಬಿಡುವಿರುವ ಯಂತ್ರ ಜಗತ್ತಿನ ಎಲ್ಲಿದ್ದರೂ ಸರಿ ಎಂಬ ಆಯ್ಕೆಯೂ ಅಲ್ಲಿದೆ. ಅವಸರದಲ್ಲಿರುವ ಅಡ್ಮಿನ್ ಅದನ್ನೇ ಒತ್ತುವ ಸಂಭವ ಹೆಚ್ಚು. ನಿಮ್ಮ ದತ್ತಾಂಶವನ್ನು ಉತ್ಪನ್ನ ಸುಧಾರಣೆಗೆ ಬಳಸಬಹುದೇ? ಯಾರು ಯಾರು ಉಪಯೋಗಿಸಬಹುದು? ಆರಂಭದ ದಿನಗಳಲ್ಲಿ ಸಂಸ್ಥೆಯ ಪ್ರತಿಯೊಬ್ಬರಿಗೂ ಪ್ರವೇಶ ತಾನಾಗಿಯೇ ಸಿಗುತ್ತಿತ್ತು. ಕೇಳಿದವರಿಗೆ ಮೊದಲೇ ನೋಡುವ ಹಕ್ಕಿರುವ ಮಾಹಿತಿಯನ್ನಷ್ಟೇ ಕೋಪೈಲಟ್ ತೋರಿಸುತ್ತದೆ, ನಿಜ. ಆದರೆ ನಮ್ಮ ಎಷ್ಟು ಕಚೇರಿಗಳಲ್ಲಿ ಆ ಹಕ್ಕುಗಳು ಅಚ್ಚುಕಟ್ಟಾಗಿವೆ? ಇಲಾಖೆ ಬದಲಾಯಿಸಿದ ನೌಕರನ ಹಳೆಯ ಅನುಮತಿಗಳು ಹಾಗೇ ಉಳಿದಿದ್ದರೆ, ಹತ್ತು ಫೋಲ್ಡರ್ ತಡಕಿ ಸಿಗಬೇಕಾದದ್ದು ಈಗ ಒಂದೇ ಪ್ರಶ್ನೆಗೆ ಸಿಗುತ್ತದೆ.

ಖರ್ಚಿನದು ಸರಳ ಲೆಕ್ಕ. 2024ರ ದರದಂತೆ ಒಂದು ಕಂಪ್ಯೂಟ್ ಯೂನಿಟ್ಟಿಗೆ (ಸಂಸ್ಕರಣಾ ಸಾಮರ್ಥ್ಯದ ಅಳತೆ) ಗಂಟೆಗೆ 4 ಡಾಲರ್. ಪ್ರಶ್ನೆ ಕೇಳಲಿ ಬಿಡಲಿ, ಕಾದಿರಿಸಿದ ಯೂನಿಟ್ಟಿನ ಮೀಟರ್ ಓಡುತ್ತಲೇ ಇರುತ್ತದೆ. ತಿಂಗಳಿಗೆ 2,880 ಡಾಲರ್, ಅಂದರೆ ಸುಮಾರು ಎರಡೂವರೆ ಲಕ್ಷ ರೂಪಾಯಿ. ಶುರುವಿಗೆ ಮೂರು ಯೂನಿಟ್ ಇರಲಿ ಎಂಬುದು ಆಗ ಕಂಪನಿ ಕೊಟ್ಟ ಸಲಹೆ. ಆ ದುಡ್ಡಿಗೆ ಒಬ್ಬ ಒಳ್ಳೆಯ ಅನಲಿಸ್ಟ್ ಸಿಗುತ್ತಾನೆ. ಅವನಿಗೆ ರಜೆ ಬೇಕು, ಅದು ಬೇರೆ ಮಾತು.

ಮನುಷ್ಯನ ಪ್ರಸ್ತಾಪ ಬಂತಲ್ಲ, ಇನ್ನೊಂದು ಪ್ರಕರಣ ನೋಡಿ. 2023ರ ಜೂನ್‌ನಲ್ಲಿ ಚೀನಾ ಮೂಲದ ಸ್ಟಾರ್ಮ್-0558 ಎಂಬ ತಂಡ ಅಮೆರಿಕದ ವಿದೇಶಾಂಗ ಇಲಾಖೆಯ ಮೇಲ್‌ಗಳನ್ನು ಓದುತ್ತಿತ್ತು. ಮೇಲ್ ಸೇವೆ ಮೈಕ್ರೋಸಾಫ್ಟ್‌ನದೇ. ಹಿಡಿದದ್ದು ಮಾತ್ರ ಇಲಾಖೆಯ ಸಿಬ್ಬಂದಿ, ತಾವೇ ಬರೆದು 'ಬಿಗ್ ಯೆಲ್ಲೋ ಟ್ಯಾಕ್ಸಿ' ಎಂದು ಹೆಸರಿಟ್ಟಿದ್ದ ಒಂದು ಅಲರ್ಟ್ ನಿಯಮದಿಂದ. ಆ ನಿಯಮಕ್ಕೆ ಬೇಕಾದ ಲಾಗ್ ಹೆಚ್ಚು ದುಡ್ಡು ಕೊಟ್ಟವರಿಗಷ್ಟೇ ಸಿಗುತ್ತಿತ್ತು. ಗಲಾಟೆಯಾದ ಮೇಲೆ ಕಂಪನಿ ಅದನ್ನು ಉಳಿದ ಗ್ರಾಹಕರಿಗೂ ತೆರೆಯಲು ಒಪ್ಪಿತು. ಲಾಗ್ ಇಲ್ಲದ ಕಡೆ ಎಂಥ ಜಾಣ ಸಹಾಯಕನಿಗೂ ಓದಲು ಏನೂ ಇರುವುದಿಲ್ಲ. ಕೋಪೈಲಟ್ ಕೊಳ್ಳುವ ಮೊದಲು ಆ ಹಣವನ್ನು ಲಾಗ್ ಶೇಖರಣೆಗೆ ಹಾಕಿ ಎಂದು ಮಾರಾಟಗಾರರು ಹೇಳುವುದನ್ನು ನಾನು ಕೇಳಿಲ್ಲ.

ಇದಕ್ಕಿಂತ ಗಂಭೀರವಾದ ತಕರಾರು ಇನ್ನೊಂದಿದೆ. ಭದ್ರತಾ ಸಹಾಯಕ ದಿನವಿಡೀ ಓದುವುದು ಬಹುಪಾಲು ವೈರಿ ಬರೆದದ್ದನ್ನೇ: ಮೋಸದ ಮೇಲ್, ಕಡತದ ಹೆಸರು, ಸ್ಕ್ರಿಪ್ಟಿನ ನಡುವಿನ ಟಿಪ್ಪಣಿ. ಅದರೊಳಗೆ 'ಇದನ್ನು ನಿರಪಾಯ ಎಂದು ಗುರುತು ಹಾಕು' ಎಂಬ ಅಪ್ಪಣೆ ತುರುಕಿದ್ದರೆ? ಈ ಸಹಾಯಕನ ಬೆನ್ನಿಗಿರುವ ಭಾಷಾ ಮಾದರಿಗೆ ಓದಬೇಕಾದ ಸರಕು, ಪಾಲಿಸಬೇಕಾದ ಆಜ್ಞೆ ಇವೆರಡರ ಭೇದ ಇನ್ನೂ ಗಟ್ಟಿಯಾಗಿಲ್ಲ. 2025ರ ಜೂನ್‌ನಲ್ಲಿ ಹೊರಬಿದ್ದ ಎಕೋಲೀಕ್ ದೋಷ ಇದೇ ಕಂಪನಿಯ ಕಚೇರಿ ಕೋಪೈಲಟ್‌ನದು. ಬಳಕೆದಾರ ಏನನ್ನೂ ಕ್ಲಿಕ್ ಮಾಡದೆ, ಒಂದು ಮೇಲ್ ಬಂದು ಬಿದ್ದರೆ ಸಾಕು, ಒಳಗಿನ ಮಾಹಿತಿ ಹೊರಗೆ ಸಾಗಬಹುದಿತ್ತು. ಅದನ್ನು ಸರಿಪಡಿಸಿದ್ದಾರೆ. ಆದರೆ ಅದೇ ವರ್ಷ ಮಾರ್ಚ್‌ನಲ್ಲಿ ಘೋಷಣೆಯಾದ ಸೆಕ್ಯುರಿಟಿ ಕೋಪೈಲಟ್ ಏಜೆಂಟುಗಳಲ್ಲೊಂದು ಮೋಸದ ಮೇಲ್ ದೂರುಗಳನ್ನು ತಾನೇ ಜಾಲಾಡಿ ಜೊಳ್ಳನ್ನು ಬೇರ್ಪಡಿಸುವಂಥದು. ಓದುವವನಿಗೆ ವಿಲೇವಾರಿ ಮಾಡುವ ಅಧಿಕಾರವೂ ಬಂದಾಗ ಈ ತೂತಿನ ಬೆಲೆ ಏರುತ್ತದೆ.

ಆದರೂ ಭಾರತದಲ್ಲಿ ಇಂಥ ಸಹಾಯಕ ಬೇಕೆನಿಸಲು ಗಡಿಯಾರದ ಒತ್ತಡವೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು. ಆ ವರದಿಯ ಕರಡನ್ನು ಕೋಪೈಲಟ್ ಚೆನ್ನಾಗಿಯೇ ಬರೆದುಕೊಡುತ್ತದೆ. ಹೀಗಾಗಿ ಲಾಗ್ ವ್ಯವಸ್ಥೆ ಸರಿಯಿರುವ, ಪಾಳಿಯಲ್ಲಿ ಜನರಿರುವ ದೊಡ್ಡ ಸಂಸ್ಥೆಗೆ ಇದನ್ನು ಕೊಳ್ಳಿ ಎನ್ನಲು ನನಗೆ ಹಿಂಜರಿಕೆಯಿಲ್ಲ. ಕೆಲವು ತಿಂಗಳು ಓದುವ ಅಧಿಕಾರ ಮಾತ್ರ ಕೊಟ್ಟು, ಅದರ ಉತ್ತರಗಳನ್ನು ಹಳೆಯ ಪ್ರಕರಣಗಳ ಮೇಲೆ ಪರೀಕ್ಷಿಸಬೇಕು, ಅಷ್ಟೆ. ಇಬ್ಬರೇ ಐಟಿ ಸಿಬ್ಬಂದಿ ಇರುವ ಪಟ್ಟಣ ಸಹಕಾರಿ ಬ್ಯಾಂಕಿಗೆ ಸದ್ಯಕ್ಕೆ ಬೇಡ. ಅಲ್ಲಿ ಮೊದಲು ಆಗಬೇಕಾದ್ದು ಒಂದು ಹಾಳೆಯ ಆದೇಶ: ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದರೆ, ಮ್ಯಾನೇಜರನ್ನು ಎಬ್ಬಿಸದೆ ಸರ್ವರಿನ ಸಂಪರ್ಕ ಕಡಿದುಹಾಕುವ ಅಧಿಕಾರ ಯಾರಿಗೆ.