ವೀರಪಟ್ಟದ ತೂಕ: ಪಂಪನ ಕಾವ್ಯಗಳಲ್ಲಿ ಯೋಧಗೌರವ

ಆದಿಕವಿ ಪಂಪನಿಗೂ ಅಣ್ಣಿಗೇರಿಗೂ ಇರುವ ನಂಟು ತಾಯಿಯ ಕಡೆಯಿಂದ ಬಂದದ್ದು. ಅವನ ತಮ್ಮ ಜಿನವಲ್ಲಭನು ಬರೆಯಿಸಿದ ಗಂಗಾಧರಂ ಶಾಸನದಲ್ಲಿ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳಿದೆ. ಈ ಕವಿ ಕೇವಲ ಲೇಖನಿ ಹಿಡಿದವನಲ್ಲ, ಕತ್ತಿಯನ್ನೂ ಹಿಡಿದವನು. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದು ಅವನಿಂದ ಧರ್ಮಪುರವೆಂಬ ಅಗ್ರಹಾರವನ್ನು ಪಡೆದವನು. ಆದುದರಿಂದ ಯೋಧನಿಗೆ ಸಲ್ಲುವ ಪಟ್ಟ, ಬಿರುದು, ಪ್ರಶಸ್ತಿಗಳನ್ನು ಕುರಿತು ಅವನು ಆಡಿದ ಮಾತು ಹೊರಗೆ ನಿಂತು ನೋಡಿದವನ ಮಾತಲ್ಲ.

ಪಂಪನ ವೀರರಸವನ್ನು ವಿವೇಚಿಸುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ವಿಕ್ರಮಾರ್ಜುನ ವಿಜಯದ ಕಿಚ್ಚಿನ ಪದ್ಯಗಳನ್ನಷ್ಟೇ ಆಯ್ದುಕೊಂಡು ಸಭೆಗಳಲ್ಲಿ ಹಾಡಿ ಕೊಂಡಾಡುವುದು ಒಂದು. ಜೈನನಾದವನು ಯುದ್ಧವನ್ನು ಹೀಗೆ ವರ್ಣಿಸಿದ್ದು ಆಶ್ರಯದಾತನ ದಾಕ್ಷಿಣ್ಯಕ್ಕಾಗಿ, ಅವನ ನಿಜವಾದ ಮನಸ್ಸು ಆದಿಪುರಾಣದಲ್ಲಿದೆ ಎಂದು ಸಮಾಧಾನ ಹೇಳುವುದು ಇನ್ನೊಂದು. ಒಂದು ಕಾವ್ಯದಲ್ಲಿ ಲೌಕಿಕವನ್ನೂ ಮತ್ತೊಂದರಲ್ಲಿ ಜಿನಾಗಮವನ್ನೂ ಬೆಳಗುವೆನೆಂದು ಕವಿಯೇ ಹೇಳಿರುವುದರಿಂದ ಈ ಎರಡನೆಯ ದಾರಿ ಸುಲಭವೆನಿಸಿದೆ. ಆದರೆ ಯೋಧಗೌರವದ ಪ್ರಶ್ನೆಯಲ್ಲಿ ಎರಡು ಕಾವ್ಯಗಳೂ ಒಂದೇ ಕಣ್ಣಿನಿಂದ ನೋಡಿವೆ.

ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಸನ್ನಿವೇಶವನ್ನೇ ನೋಡಬಹುದು. ಮುಪ್ಪಿನವನಿಗೆ ಪಟ್ಟವೇಕೆ, ಅದನ್ನು ತನಗೆ ಕಟ್ಟು ಎಂದು ಕರ್ಣನು ತುಂಬಿದ ಸಭೆಯಲ್ಲಿ ಮೂದಲಿಸುತ್ತಾನೆ. ದ್ರೋಣನು ಕೆರಳಿ ಅವನ ಕುಲವನ್ನು ಎತ್ತಿ ಆಡುತ್ತಾನೆ. ಹುಟ್ಟು ಕುಲವಲ್ಲ, ಛಲವೂ ಗುಣವೂ ಅಭಿಮಾನವೂ ಶೌರ್ಯವೂ ಕುಲ ಎಂಬ ಅರ್ಥದ ಕರ್ಣನ ಉತ್ತರವನ್ನು ಕನ್ನಡ ನಾಡು ಇಂದಿಗೂ ಮರೆತಿಲ್ಲ. ಆ ಮಾತಿನ ಬೆಳಕಿನಲ್ಲಿ ಭೀಷ್ಮನ ಶಾಂತವಾದ ಉತ್ತರ ಮಸುಕಾಗಿರುವುದು ವಿಮರ್ಶೆಗೆ ಆದ ನಷ್ಟ. ಯಾರ ಮೇಲೆ ಮೂದಲಿಕೆ ಬಿದ್ದಿತೋ ಅವನೊಬ್ಬನೇ ಅಲ್ಲಿ ಸಿಟ್ಟಾಗುವುದಿಲ್ಲ. ಈ ಯುದ್ಧದಲ್ಲಿ ನಿನ್ನ ಸರದಿಯೂ ಬರುತ್ತದೆ ಎನ್ನುತ್ತಾನೆ, ಅಷ್ಟೇ. ಪಟ್ಟವೆಂದರೆ ಸಾಯುವ ಸರದಿ ಎಂಬುದು ಅವನಿಗೆ ಗೊತ್ತು; ಕರ್ಣನಿಗೆ ಇನ್ನೂ ಗೊತ್ತಿಲ್ಲ. ಮುಂದೆ ಆ ಸರದಿ ಬಂದಾಗ ಕರ್ಣನು ಶರಶಯ್ಯೆಯ ಬಳಿಗೆ ಹೋಗಿ ಅದೇ ಮುದುಕನ ಕಾಲಿಗೆರಗುತ್ತಾನೆ. ಶೌರ್ಯಕ್ಕೆ ಜಾತಿಯಿಲ್ಲವೆಂಬ ಕರ್ಣನ ವಾದವನ್ನು ಪಂಪ ಒಪ್ಪಿದ್ದಾನೆ. ಹಂಬಲಿಸಿ ಕೇಳಿದಾಗ ಪಟ್ಟವನ್ನು ಅವನಿಗೆ ಕೊಡದೆ, ಬಾಗಲು ಕಲಿತ ಹೊತ್ತಿಗೆ ಕೊಟ್ಟಿದ್ದಾನೆ.

941ರ ಆದಿಪುರಾಣದಲ್ಲಿ ಇದಕ್ಕೆ ಜೊತೆಯಾದ ಪ್ರಸಂಗವೊಂದಿದೆ. ಷಟ್ಖಂಡಗಳನ್ನು ಗೆದ್ದ ಭರತನು ತನ್ನ ವಿಜಯಪ್ರಶಸ್ತಿಯನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಬರುತ್ತಾನೆ. ತನ್ನಂತಹವನು ಮತ್ತೊಬ್ಬನಿಲ್ಲವೆಂಬುದು ಅವನ ಎಣಿಕೆ. ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳೇ ಇವೆ. ಒಂದು ಅಕ್ಷರಕ್ಕೂ ಎಡೆಯಿಲ್ಲ. ಅವನ ಗರ್ವ ಕರಗುತ್ತದೆ. ಅಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ನೀತಿಕಥೆಯಾಗುತ್ತಿತ್ತು. ಗರ್ವ ಕರಗಿದ ಮೇಲೂ ಭರತನು ಹಿಂದಿರುಗುವುದಿಲ್ಲ. ಒಬ್ಬ ಅರಸನ ಬರಹವನ್ನು ಅಳಿಸಿ ಅಲ್ಲಿ ತನ್ನದನ್ನು ಬರೆಯಿಸುತ್ತಾನೆ. ಪ್ರಸಂಗ ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿಯೇ ಇದೆ. ಆಸ್ಥಾನದ ಗೌರವ ಉಂಡ ಪಂಪನು ಅದನ್ನು ಕನ್ನಡಕ್ಕೆ ತಂದಾಗ ಅದಕ್ಕೆ ಬೇರೆಯೇ ತೂಕ ಬಂದಿದೆ. ಕೀರ್ತಿ ನಶ್ವರವೆಂದು ಕಣ್ಣಾರೆ ಕಂಡವನೂ ಅದನ್ನು ಬಿಡಲಾರ! ಈ ಭರತನನ್ನು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಸೋಲಿಸಿದ ಬಾಹುಬಲಿಯು ಗೆದ್ದುದನ್ನು ಅಲ್ಲಿಯೇ ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಅವನ ಪ್ರಶಸ್ತಿಗೆ ಯಾವ ಬೆಟ್ಟದಲ್ಲಿಯೂ ಸ್ಥಳ ಹುಡುಕಬೇಕಾಗಲಿಲ್ಲ.

ಕಾವ್ಯದಲ್ಲಿ ಕಂಡದ್ದು ಶ್ರವಣಬೆಳಗೊಳದಲ್ಲಿ ನಿಜವಾಗಿಯೇ ನಡೆದಿದೆ. ಬಾಹುಬಲಿಯ ಮಹಾಮೂರ್ತಿಯನ್ನು ಮಾಡಿಸಿದ ಗಂಗರ ಸೇನಾನಿ ಚಾವುಂಡರಾಯನು 978ರ ತನ್ನ ಪುರಾಣದಲ್ಲಿ ತಾನು ಪಡೆದ ಬಿರುದುಗಳನ್ನು ಕಾರಣ ಸಹಿತ ದಾಖಲಿಸಿದ್ದಾನೆ. ಖೇಡಗದ ಯುದ್ಧಕ್ಕಾಗಿ ಸಮರಧುರಂಧರ, ನೊಳಂಬರೊಡನೆ ಗೋನೂರಿನಲ್ಲಿ ಕಾದಿದ್ದಕ್ಕಾಗಿ ವೀರಮಾರ್ತಂಡ, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನು ಎದುರಿಸಿದ್ದಕ್ಕಾಗಿ ರಣರಂಗಸಿಂಗ. ಇಂದಿನ ಶೌರ್ಯಪದಕದೊಡನೆ ಓದುವ ಕಾರಣಪತ್ರದಂತೆಯೇ ಇದೆ ಈ ಪಟ್ಟಿ. ಆದರೆ ಇಂದಿನ ಯಾವ ಸೈನ್ಯವೂ ಕೊಡದ ಬಿರುದೊಂದು ಅದೇ ಪಟ್ಟಿಯಲ್ಲಿದೆ. ಹಾಸ್ಯಕ್ಕಾದರೂ ಸುಳ್ಳಾಡದವನಾದ್ದರಿಂದ ಅವನು ಸತ್ಯಯುಧಿಷ್ಠಿರ. ತನ್ನ ಬಿರುದುಗಳನ್ನು ತಾನೇ ಎಣಿಸಿಕೊಂಡದ್ದು ಸತ್ಯಯುಧಿಷ್ಠಿರನಿಗೆ ಒಪ್ಪುವುದೇ ಎಂಬ ಪ್ರಶ್ನೆ ಇದ್ದೇ ಇದೆ. ಅವನ ಪರಾಕ್ರಮವನ್ನು ಸಾರುತ್ತಿದ್ದ ತ್ಯಾಗದ ಬ್ರಹ್ಮದೇವ ಕಂಬದ ಶಾಸನದ ಬಹುಭಾಗವನ್ನು ಮುಂದೆ ಹೆಗ್ಗಡೆ ಕಣ್ಣನೆಂಬವನು ಅಳಿಸಿ, ಅಲ್ಲಿ ತನ್ನ ಎರಡೂವರೆ ಸಾಲನ್ನು ಬರೆಯಿಸಿದನು. ವೃಷಭಾಚಲದ ಭರತನು ಮಾಡಿದ್ದೂ ಅದನ್ನೇ.

ಹಾಗೆಂದು ಯೋಧಗೌರವವೇ ಹುಸಿ ಎನ್ನಲು ಅಣ್ಣಿಗೇರಿಯ ಇತಿಹಾಸ ಬಿಡುವುದಿಲ್ಲ. ಗಂಗಪೆರ್ಮಾಡಿ ಇಲ್ಲಿ ಕಟ್ಟಿಸಿದ ಜಿನಾಲಯವು ಬೆಳ್ವೊಲ ನಾಡಿನ ಮೇಲೆ ಏರಿ ಬಂದ ಚೋಳರ ಕೈಯಲ್ಲಿ ಹಾಳಾದುದನ್ನೂ, ಅನಂತರ ಅದರ ಜೀರ್ಣೋದ್ಧಾರವಾದುದನ್ನೂ ಗಾವರವಾಡದ ಶಾಸನ ತಿಳಿಸುತ್ತದೆ. ಉರಿಯುವ ಬಸದಿಯ ಮುಂದೆ ಶ್ರಾವಕನು ಏನು ಮಾಡಬೇಕಿತ್ತು? ಆಚಾರ್ಯರು ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ ಸಂಕಲ್ಪೀ ಹಿಂಸೆಯನ್ನು ಮೊದಲು ಬಿಡಿಸಿದ್ದು ಇಂತಹ ಪ್ರಶ್ನೆಯನ್ನು ಬಲ್ಲವರಾದ್ದರಿಂದಲೇ. ವಿರೋಧೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದು; ಅನಿವಾರ್ಯವಾದುದು ಪುಣ್ಯವೆಂದು ಅವರು ಎಲ್ಲಿಯೂ ಹೇಳಲಿಲ್ಲ. ಪದಕವು ಮನ್ನಿಸುವುದು ಕೊಂದುದನ್ನೋ, ಕಾಯ್ದುದನ್ನೋ ಎಂಬುದು ಅಷ್ಟು ಸುಲಭವಾಗಿ ಬಿಡಿಸಲಾಗದ ಗಂಟು. 1950ರಲ್ಲಿ ಸ್ಥಾಪಿತವಾದ ಪರಮವೀರ ಚಕ್ರವು ಶತ್ರುವಿನ ಸಮ್ಮುಖದಲ್ಲಿ ತೋರಿದ ಶೌರ್ಯಕ್ಕೆ ಸಲ್ಲುತ್ತದೆ. ಅದರ ಮೇಲೆ ಕೆತ್ತಿರುವುದು ಮಾತ್ರ ಇಂದ್ರನ ವಜ್ರ, ಅಂದರೆ ಪುರಾಣದ ದಧೀಚಿಯು ತಾನಾಗಿ ಕೊಟ್ಟ ಬೆನ್ನೆಲುಬು.

ಇದೇ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರ ವಿಷಯದಲ್ಲಿ ಆ ಗಂಟು ತಾನಾಗಿ ಸಡಿಲುತ್ತದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ಮೇಲೆ ಜೀವಸಹಿತ ದೊರೆತವರು ಇವರೊಬ್ಬರೇ. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರಣೋತ್ತರವಾಗಿ ಸೇನಾ ಪದಕ ಬಂದಿತು. ಆ ಹಿಮದ ಅಡಿಯಲ್ಲಿ ಶತ್ರುವಿರಲಿಲ್ಲ, ಗೆಲುವಿರಲಿಲ್ಲ, ನೋಡಿ ಹೊಗಳುವ ಸಭೆಯೂ ಇರಲಿಲ್ಲ. ಪದಕ ಹೋದದ್ದು ಬೆಟದೂರಿನ ಮನೆಗೆ, ಪತ್ನಿಯ ಮತ್ತು ಪುಟ್ಟ ಮಗಳ ಬಳಿಗೆ.